ಮನೆಯ ಕಂಪ್ಯೂಟರ್‌ಗೆ ನಿದ್ರೆ ಸಾಕೆ, ಪೂರ್ಣ ವಿರಾಮ ಬೇಕೆ?

ಕೆಲಸ ಮುಗಿಸಿ ಊಟಕ್ಕೆ ಏಳುವಾಗ ಮನೆಯ ಕಂಪ್ಯೂಟರನ್ನು ಏನು ಮಾಡಬೇಕು? ಪೂರ್ತಿ ಸ್ಥಗಿತಗೊಳಿಸಬೇಕೆ, ನಿದ್ರಾವಸ್ಥೆಗೆ ಕಳುಹಿಸಬೇಕೆ ಅಥವಾ ಹಾಗೆಯೇ ಬಿಡಬಹುದೆ? ಮಧ್ಯಮ ವರ್ಗದ ಮನೆಗಳಿಗೆ ಕಂಪ್ಯೂಟರ್ ಕಾಲಿಟ್ಟ ದಿನದಿಂದಲೂ ಕೇಳಿಬರುತ್ತಿರುವ ಪ್ರಶ್ನೆ ಇದು. ಪದೇ ಪದೇ ಆನ್-ಆಫ್ ಮಾಡಿದರೆ ಯಂತ್ರ ಹಾಳಾಗುತ್ತದೆ ಎಂದು ಒಬ್ಬರು ಹೇಳಿದರೆ, ಆಫ್ ಮಾಡದಿದ್ದರೆ ವಿದ್ಯುತ್ ಬಿಲ್ ಏರುತ್ತದೆ ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಎರಡೂ ಮಾತುಗಳಲ್ಲಿ ಹಳೆಯ ಕಾಲದ ಸತ್ಯಾಂಶವಿದೆ. ಆದರೆ ಇಂದಿನ ಯಂತ್ರಗಳಿಗೆ ಅವೆರಡೂ ಪೂರ್ತಿಯಾಗಿ ಅನ್ವಯಿಸುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ, ನಿದ್ರೆಗೂ ಪೂರ್ಣ ಸ್ಥಗಿತಕ್ಕೂ ಇರುವ ವಿದ್ಯುತ್ ವ್ಯತ್ಯಾಸ ತಿಂಗಳಿಗೆ ಒಂದು ಯೂನಿಟ್‌ನಷ್ಟು ಮಾತ್ರ. ಹಣ ಸೋರುವುದು ಇವೆರಡನ್ನೂ ಮಾಡದೆ ಕಂಪ್ಯೂಟರನ್ನು ಎಚ್ಚರವಾಗಿಯೇ ಬಿಡುವುದರಿಂದ. ಇನ್ನು ಹೇಳದೆ ಕೇಳದೆ ಕರೆಂಟ್ ಹೋಗುವ ಊರುಗಳಲ್ಲಿ ಇದು ಬಿಲ್ಲಿನ ಪ್ರಶ್ನೆ ಎನ್ನುವುದಕ್ಕಿಂತ ಮಾಡಿದ ಕೆಲಸ ಉಳಿಯುತ್ತದೆಯೇ ಎಂಬ ಪ್ರಶ್ನೆ.

ನಿದ್ರೆಯಲ್ಲೂ ಹಲವು ಬಗೆ

1990ರ ದಶಕದ ಆರಂಭದವರೆಗೂ ಕಂಪ್ಯೂಟರ್‌ಗೆ ಇದ್ದುದು ಎರಡೇ ಸ್ಥಿತಿ: ಆನ್ ಅಥವಾ ಆಫ್. ಪೆಟ್ಟಿಗೆಯ ಮೇಲಿನ ಗುಂಡಿ ನೇರವಾಗಿ ವಿದ್ಯುತ್ತನ್ನು ಕಡಿಯುತ್ತಿತ್ತು. ವಿಂಡೋಸ್ 95ರ ಕಾಲದಲ್ಲಿ, ಇನ್ನು ಕಂಪ್ಯೂಟರ್ ಆಫ್ ಮಾಡಬಹುದು ಎಂಬ ಕಿತ್ತಳೆ ಬಣ್ಣದ ಸೂಚನೆ ಪರದೆಯ ಮೇಲೆ ಮೂಡುವವರೆಗೆ ಕಾದು, ಬಳಿಕ ಗುಂಡಿ ಒತ್ತುತ್ತಿದ್ದುದು ಅನೇಕರಿಗೆ ನೆನಪಿರಬಹುದು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೊಷಿಬಾ ಕಂಪನಿಗಳು ಸೇರಿ ಎಸಿಪಿಐ ಎಂಬ ಮಾನಕವನ್ನು ಪ್ರಕಟಿಸಿದವು. ಯಂತ್ರಕ್ಕೆ ಯಾವಾಗ ಎಷ್ಟು ವಿದ್ಯುತ್ ಬೇಕೆಂಬುದನ್ನು ವಿಂಡೋಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯೇ ನಿರ್ಧರಿಸುವುದಕ್ಕೆ ಇದು ದಾರಿ ಮಾಡಿಕೊಟ್ಟಿತು. ಇಂದು ಬಳಕೆಯಲ್ಲಿರುವ ಸ್ಥಿತಿಗಳೆಲ್ಲ ಬಹುಮಟ್ಟಿಗೆ ಅದರ ಕೊಡುಗೆ.

ಸ್ಲೀಪ್ ಅಥವಾ ನಿದ್ರೆ: ತೆರೆದಿರುವ ಕಡತಗಳೆಲ್ಲ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲೇ ಉಳಿಯುತ್ತವೆ. ಪರದೆ, ಹಾರ್ಡ್ ಡಿಸ್ಕ್, ಫ್ಯಾನ್, ಪ್ರೊಸೆಸರ್ ಇವೆಲ್ಲ ಸ್ತಬ್ಧವಾಗುತ್ತವೆ. ರ‍್ಯಾಮ್ ಮಾತ್ರ ವಿದ್ಯುತ್ ಪಡೆಯುತ್ತಲೇ ಇರುತ್ತದೆ. ಅದರೊಳಗಿನ ಮಾಹಿತಿಯನ್ನು ಸೆಕೆಂಡಿಗೆ ಹಲವು ಬಾರಿ ಹೊಸದಾಗಿ ತುಂಬುತ್ತಿರಬೇಕು. ಇಲ್ಲವಾದರೆ ಅದು ಅಳಿಸಿಹೋಗುತ್ತದೆ. ಗುಂಡಿ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಕೆಲಸ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತದೆ.

ಹೈಬರ್ನೇಟ್: ಕರಡಿ, ಕಪ್ಪೆಗಳ ಶಿಶಿರನಿದ್ರೆಯ ಹೆಸರನ್ನೇ ಇದಕ್ಕೆ ಇಡಲಾಗಿದೆ. ರ‍್ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಯಂತ್ರ ಪೂರ್ತಿ ಆಫ್ ಆಗುತ್ತದೆ. ಪ್ಲಗ್ ಕಿತ್ತರೂ ತೆರೆದಿಟ್ಟ ಕಡತಗಳು ನಷ್ಟವಾಗುವುದಿಲ್ಲ. ಏಳುವುದು ಮಾತ್ರ ನಿದ್ರೆಗಿಂತ ತುಸು ನಿಧಾನ.

ಹೈಬ್ರಿಡ್ ಸ್ಲೀಪ್: 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದೊಡನೆ ಬಂದ ಈ ಸೌಲಭ್ಯ ಮೇಲಿನ ಎರಡನ್ನೂ ಬೆಸೆಯುತ್ತದೆ. ರ‍್ಯಾಮ್‌ಗೆ ವಿದ್ಯುತ್ ಮುಂದುವರಿಯುತ್ತದೆ. ಜೊತೆಗೆ ಡಿಸ್ಕ್‌ನಲ್ಲೂ ಒಂದು ಪ್ರತಿ ಇರುತ್ತದೆ. ಕರೆಂಟ್ ಇದ್ದರೆ ಬೇಗ ಏಳುತ್ತದೆ, ಹೋದರೆ ಡಿಸ್ಕ್‌ನಲ್ಲಿರುವ ಪ್ರತಿ ಕೈಹಿಡಿಯುತ್ತದೆ. ಇದನ್ನು ರೂಪಿಸಿರುವುದೇ ಡೆಸ್ಕ್‌ಟಾಪ್‌ಗಳಿಗಾಗಿ.

ಶಟ್‌ಡೌನ್: ತಂತ್ರಾಂಶಗಳೆಲ್ಲ ಮುಚ್ಚಿ ಯಂತ್ರ ಸ್ಥಗಿತಗೊಳ್ಳುತ್ತದೆ. ಆದರೂ ಗೋಡೆಯ ಸ್ವಿಚ್ ಆನ್ ಇರುವವರೆಗೆ ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಒಂದು ಸಣ್ಣ 5 ವೋಲ್ಟ್ ಸಂಪರ್ಕವನ್ನು ಜೀವಂತವಾಗಿ ಇಟ್ಟಿರುತ್ತದೆ. ಮುಂಭಾಗದ ಗುಂಡಿ ಒತ್ತಿದ ಕೂಡಲೇ ಯಂತ್ರ ಏಳುವುದು ಇದರಿಂದಲೇ. ಗೋಡೆಯ ಸ್ವಿಚ್ ಆಫ್ ಮಾಡಿದಾಗ ಮಾತ್ರ ಬಳಕೆ ಸೊನ್ನೆಗೆ ಇಳಿಯುತ್ತದೆ.

ಬಿಲ್ಲಿನ ಲೆಕ್ಕ

ಸಾಮಾನ್ಯ ಡೆಸ್ಕ್‌ಟಾಪ್ ಒಂದು ಯಾವ ಕೆಲಸವನ್ನೂ ಮಾಡದೆ ಎಚ್ಚರವಾಗಿದ್ದಾಗ ಸುಮಾರು 60 ವಾಟ್, ಅದರ ಎಲ್‌ಸಿಡಿ ಪರದೆ ಸುಮಾರು 20 ವಾಟ್ ವಿದ್ಯುತ್ ಸೆಳೆಯುತ್ತದೆ ಎಂದು ಇಟ್ಟುಕೊಳ್ಳಬಹುದು. ಯಂತ್ರದಿಂದ ಯಂತ್ರಕ್ಕೆ ಇದು ಬದಲಾಗುತ್ತದೆ. ಆಟಗಳಿಗೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಇನ್ನೂ ಹೆಚ್ಚು. ನಿದ್ರಾವಸ್ಥೆಯಲ್ಲಿ ಇಡೀ ಯಂತ್ರಕ್ಕೆ 3 ವಾಟ್, ಶಟ್‌ಡೌನ್ ಆದ ಬಳಿಕ 1 ವಾಟ್ ಸಾಕು ಎಂದು ಹಿಡಿಯೋಣ.

ದಿನಕ್ಕೆ 8 ಗಂಟೆ ಬಳಕೆ, 16 ಗಂಟೆ ಬಿಡುವು ಎಂದುಕೊಂಡರೆ, ಆ 16 ಗಂಟೆಯೂ ಸ್ಕ್ರೀನ್‌ಸೇವರ್ ಓಡಿಸುತ್ತ ಬಿಟ್ಟ ಕಂಪ್ಯೂಟರ್ ತಿಂಗಳಿಗೆ 38.4 ಯೂನಿಟ್ ನುಂಗುತ್ತದೆ. ನಿದ್ರೆಯಲ್ಲಿ ಇಟ್ಟರೆ 1.44 ಯೂನಿಟ್. ಶಟ್‌ಡೌನ್ ಮಾಡಿದರೆ 0.48 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಗುಣಿಸಿದರೆ ಕ್ರಮವಾಗಿ 230 ರೂ., 9 ರೂ. ಮತ್ತು 3 ರೂ. ಆಗುತ್ತದೆ. ವರ್ಷದ ಲೆಕ್ಕಕ್ಕೆ, ಎಚ್ಚರವಾಗಿ ಬಿಟ್ಟದ್ದಕ್ಕೆ 2,700 ರೂಪಾಯಿಗೂ ಹೆಚ್ಚು. ನಿದ್ರೆಗೆ ನೂರು ರೂಪಾಯಿ ಚಿಲ್ಲರೆ.

ಶಟ್‌ಡೌನ್ ಮಾಡುವವರು ನಿದ್ರೆಗೆ ಕಳುಹಿಸುವವರಿಗಿಂತ ತಿಂಗಳಿಗೆ ಉಳಿಸುವುದು ಕೇವಲ 6 ರೂಪಾಯಿ. ಆದರೆ ನಿದ್ರೆಗೂ ಕಳುಹಿಸದೆ ಬಿಡುವವರು ಕಳೆದುಕೊಳ್ಳುವುದು 220 ರೂಪಾಯಿ. ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿಗೆ 200 ಯೂನಿಟ್‌ಗಳ ಗರಿಷ್ಠ ಮಿತಿ ಇಡಲಾಗಿದೆ. ಆ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ತಿಂಗಳಿಗೆ 38 ಯೂನಿಟ್ ಸಣ್ಣ ಸಂಖ್ಯೆಯಲ್ಲ.

ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಈ ಅಂತರ ಕಿರಿದು. ಬಿಡುವಿನ ವೇಳೆಯಲ್ಲಿ 10 ವಾಟ್ ಸೆಳೆಯುವ ಲ್ಯಾಪ್‌ಟಾಪ್ ಇದೇ ಲೆಕ್ಕದಲ್ಲಿ ತಿಂಗಳಿಗೆ 5 ಯೂನಿಟ್‌ಗೂ ಕಡಿಮೆ ಬಳಸುತ್ತದೆ.

ಸ್ಕ್ರೀನ್‌ಸೇವರ್ ವಿದ್ಯುತ್ ಉಳಿಸುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹಳೆಯ ಸಿಆರ್‌ಟಿ ಪರದೆಗಳ ಮೇಲೆ ಒಂದೇ ಚಿತ್ರ ಬಹಳ ಹೊತ್ತು ನಿಂತು ಅಚ್ಚೊತ್ತದಿರಲಿ ಎಂದು ಅದನ್ನು ರೂಪಿಸಲಾಗಿತ್ತು. ಎಲ್‌ಸಿಡಿ ಪರದೆಯ ಹಿಂದಿನ ದೀಪ ಸ್ಕ್ರೀನ್‌ಸೇವರ್ ಓಡುವಾಗಲೂ ಉರಿಯುತ್ತಲೇ ಇರುತ್ತದೆ.

ಆನ್ ಮಾಡುವಾಗ ಹೆಚ್ಚು ಖರ್ಚೆ?

ಆನ್ ಮಾಡುವ ಒಂದು ಕ್ಷಣಕ್ಕೆ ಗಂಟೆಗಟ್ಟಲೆ ಓಡಿಸುವಷ್ಟು ವಿದ್ಯುತ್ ಬೇಕು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಸ್ವಿಚ್ ಹಾಕಿದೊಡನೆ ವಿದ್ಯುತ್ ಪ್ರವಾಹ ಒಮ್ಮೆ ಜಿಗಿಯುವುದು ನಿಜ. ಆದರೆ ಆ ಜಿಗಿತ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಮೀಟರ್‌ನಲ್ಲಿ ಅದರ ಗುರುತು ಕಾಣುವುದೇ ಇಲ್ಲ.

ಕಂಪ್ಯೂಟರ್ ಆರಂಭವಾಗಲು ಒಂದು ನಿಮಿಷ ಬೇಕು, ಆ ನಿಮಿಷದುದ್ದಕ್ಕೂ 100 ವಾಟ್ ಸೆಳೆಯುತ್ತದೆ ಎಂದುಕೊಂಡರೂ ಖರ್ಚು 1.7 ವಾಟ್-ಗಂಟೆಯಷ್ಟೆ. ನಿದ್ರೆಯು ಶಟ್‌ಡೌನ್‌ಗಿಂತ ಗಂಟೆಗೆ 2 ವಾಟ್-ಗಂಟೆ ಹೆಚ್ಚು ಬಳಸುತ್ತದೆ. ಹಾಗಾಗಿ ಬಿಡುವು 50 ನಿಮಿಷಕ್ಕಿಂತ ಕಡಿಮೆಯಿದ್ದರೆ ನಿದ್ರೆಯೇ ಅಗ್ಗ. ಅದಕ್ಕಿಂತ ಹೆಚ್ಚಿದ್ದರೆ ಶಟ್‌ಡೌನ್ ಅಗ್ಗ. ಕಾಫಿಗೆ ಎದ್ದು ಹೋಗುವಾಗಲೆಲ್ಲ ಶಟ್‌ಡೌನ್ ಮಾಡುವುದರಿಂದ ಯಾವ ಉಳಿತಾಯವೂ ಇಲ್ಲ.

ಯಂತ್ರದ ಸವಕಳಿ

ಪದೇ ಪದೇ ಆನ್-ಆಫ್ ಮಾಡಿದರೆ ಯಂತ್ರ ಬೇಗ ಸವೆಯುತ್ತದೆ ಎಂಬ ಭಯಕ್ಕೆ ಹಿಂದೆ ಕಾರಣವಿತ್ತು. ಬಿಸಿಯಾಗಿ ತಣಿಯುವಾಗ ಲೋಹ ಹಿಗ್ಗಿ ಕುಗ್ಗುತ್ತದೆ, ಬೆಸುಗೆಗಳು ದುರ್ಬಲವಾಗುತ್ತವೆ. ಹಾರ್ಡ್ ಡಿಸ್ಕ್‌ನ ತಟ್ಟೆಗಳು ನಿಂತು ಮತ್ತೆ ತಿರುಗತೊಡಗುವ ಕ್ಷಣವೇ ಅದಕ್ಕೆ ಹೆಚ್ಚು ಶ್ರಮದ್ದು. ಆದರೆ ಹಳೆಯ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್‌ಗಳಿಗೂ ತಯಾರಕರು ಸಾಮಾನ್ಯವಾಗಿ 50,000 ಬಾರಿ ನಿಂತು ಹೊರಡುವ ಸಾಮರ್ಥ್ಯವನ್ನು ನಮೂದಿಸುತ್ತಿದ್ದರು. ದಿನಕ್ಕೆ 5 ಬಾರಿಯಂತೆ 10 ವರ್ಷ ಆನ್-ಆಫ್ ಮಾಡಿದರೂ ಆಗುವುದು 18,250 ಬಾರಿ. ಅಷ್ಟರಲ್ಲಿ ಕಂಪ್ಯೂಟರೇ ಹಳತಾಗಿರುತ್ತದೆ. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಗಳಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ.

ಇನ್ನೊಂದೆಡೆ, ಸದಾ ಓಡುವ ಯಂತ್ರಕ್ಕೂ ಸವಕಳಿ ತಪ್ಪಿದ್ದಲ್ಲ. ಫ್ಯಾನ್‌ಗಳ ಬೇರಿಂಗ್ ಗಂಟೆಗಳ ಲೆಕ್ಕದಲ್ಲಿ ಸವೆಯುತ್ತದೆ, ಧೂಳು ಒಳಸೇರುತ್ತಲೇ ಇರುತ್ತದೆ. ನಿದ್ರೆಯಲ್ಲಾಗಲಿ ಶಟ್‌ಡೌನ್‌ನಲ್ಲಾಗಲಿ ಫ್ಯಾನ್ ನಿಂತಿರುತ್ತದೆ. ಆದ್ದರಿಂದ ಬಾಳಿಕೆಯ ದೃಷ್ಟಿಯಿಂದ ಇವೆರಡರಲ್ಲಿ ಹೇಳಿಕೊಳ್ಳುವಂತಹ ಭೇದವಿಲ್ಲ.

ಕರೆಂಟ್ ಹೋದಾಗ

ನಿದ್ರೆಯ ದೌರ್ಬಲ್ಯ ಬಯಲಾಗುವುದು ಇಲ್ಲಿ. ಬೆಂಗಳೂರಿನ ಬಡಾವಣೆಯಿರಲಿ, ಮಲೆನಾಡಿನ ಪಟ್ಟಣವಿರಲಿ, ಮಳೆ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಕರೆಂಟ್ ಇಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ನಿದ್ರೆಯಲ್ಲಿದ್ದಾಗ ಹೀಗಾದರೆ ರ‍್ಯಾಮ್ ಆ ಕ್ಷಣದಲ್ಲೇ ಬರಿದಾಗುತ್ತದೆ. ಡಿಸ್ಕ್‌ನಲ್ಲಿ ಉಳಿಸಿದ್ದ ಕಡತಗಳಿಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಆದರೆ ರಾತ್ರಿ ಟೈಪ್ ಮಾಡಿ ಸೇವ್ ಮಾಡದೆ ಬಿಟ್ಟ ಪ್ರಾಜೆಕ್ಟ್ ವರದಿ, ಅರ್ಧ ತುಂಬಿದ ಅರ್ಜಿ ಬೆಳಿಗ್ಗೆ ಸಿಗುವುದಿಲ್ಲ. ಬಿಲ್ಲಿನಲ್ಲಿ 6 ರೂಪಾಯಿ ಹೆಚ್ಚು ಕಡಿಮೆಯಾಗುವುದಕ್ಕಿಂತ ಈ ನಷ್ಟ ದೊಡ್ಡದು.

ಇದಕ್ಕೆ ಮೂರು ಪರಿಹಾರಗಳಿವೆ. ಮೊದಲನೆಯದು ಅತಿ ಸರಳ: ನಿದ್ರೆಗೆ ಕಳುಹಿಸುವ ಮುನ್ನ ತೆರೆದ ಕಡತಗಳನ್ನೆಲ್ಲ ಸೇವ್ ಮಾಡುವುದು. ಎರಡನೆಯದು, ಕಂಪ್ಯೂಟರ್‌ನಲ್ಲಿ ಲಭ್ಯವಿದ್ದರೆ ಪವರ್ ಆಪ್ಷನ್ಸ್‌ನಲ್ಲಿ ಹೈಬ್ರಿಡ್ ಸ್ಲೀಪ್ ಚಾಲನೆಗೊಳಿಸುವುದು. ಮೂರನೆಯದು, ದೀರ್ಘ ಬಿಡುವಿಗೆ ಹೈಬರ್ನೇಟ್ ಅಥವಾ ಶಟ್‌ಡೌನ್ ಬಳಸುವುದು. ಮನೆಗೆ ಇನ್ವರ್ಟರ್ ಇದ್ದವರು ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಅಂತರ ದೀಪ, ಫ್ಯಾನ್‌ಗಳಿಗೆ ತಿಳಿಯದಿದ್ದರೂ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು.

ಕರೆಂಟ್ ಮರಳಿದಾಗ ಕೆಲವು ಡೆಸ್ಕ್‌ಟಾಪ್‌ಗಳು ತಾವಾಗಿಯೇ ಆನ್ ಆಗುತ್ತವೆ. ಇದು ಬಯೋಸ್‌ನಲ್ಲಿರುವ ಒಂದು ಆಯ್ಕೆಯ ಫಲ. ಬೇಡವಾದರೆ ಅಲ್ಲಿಯೇ ಬದಲಿಸಬಹುದು. ಊರಿಗೆ ಹೋದವರ ಮನೆಯಲ್ಲಿ ಕಂಪ್ಯೂಟರ್ ವಾರವಿಡೀ ಓಡಿದ ಪ್ರಸಂಗಗಳಿಗೆ ಹಲವು ಬಾರಿ ಇದೇ ಮೂಲ.

ಸಿಡಿಲಿಗೆ ಶಟ್‌ಡೌನ್ ಮದ್ದಲ್ಲ

ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಯಲ್ಲಿ, ಮತ್ತೆ ಹಿಂಗಾರಿನಲ್ಲಿ ರಾಜ್ಯದ ಬಹುಭಾಗ ಗುಡುಗು ಸಿಡಿಲಿನ ಆರ್ಭಟಕ್ಕೆ ಸಿಕ್ಕುತ್ತದೆ. ಸಿಡಿಲು ಬಡಿದಾಗ ತಂತಿಗಳಲ್ಲಿ ಉಂಟಾಗುವ ಅತಿ ವೋಲ್ಟೇಜ್‌ಗೆ ಕಂಪ್ಯೂಟರ್ ನಿದ್ರಿಸುತ್ತಿದೆಯೋ ಶಟ್‌ಡೌನ್ ಆಗಿದೆಯೋ ಎಂಬ ಭೇದವಿಲ್ಲ. ಪ್ಲಗ್ ಗೋಡೆಯಲ್ಲಿ ಇರುವವರೆಗೆ ಅಪಾಯವಿದೆ. ಗೋಡೆಯ ಸ್ವಿಚ್ ಆಫ್ ಮಾಡಿದರೂ ಒಳಗಿನ ಸಣ್ಣ ಅಂತರವನ್ನು ಸಿಡಿಲಿನ ವಿದ್ಯುತ್ ಜಿಗಿಯಬಲ್ಲುದು. ಪ್ಲಗ್ ಕೀಳುವುದೊಂದೇ ಖಚಿತ ರಕ್ಷಣೆ.

ಪ್ಲಗ್ ಕಿತ್ತವರು ಅನೇಕ ವೇಳೆ ಇಂಟರ್‌ನೆಟ್ ಕೇಬಲನ್ನು ಮರೆಯುತ್ತಾರೆ. ಮೋಡೆಮ್‌ನಿಂದ ಬರುವ ತಾಮ್ರದ ಲ್ಯಾನ್ ತಂತಿಯೂ ವಿದ್ಯುತ್ತನ್ನು ಒಳತರುವ ದಾರಿ. ಅದನ್ನೂ ಬಿಡಿಸಬೇಕು. ಇದೆಲ್ಲ ಆಗಬೇಕಾದುದು ಮೋಡ ಕವಿಯುವಾಗ. ತಲೆಯ ಮೇಲೆ ಸಿಡಿಲು ಆರ್ಭಟಿಸುತ್ತಿರುವಾಗ ಪ್ಲಗ್ ಅಥವಾ ತಂತಿಗೆ ಕೈ ಹಾಕುವುದು ಜೀವಕ್ಕೇ ಅಪಾಯ.

ರೀಸ್ಟಾರ್ಟ್ ಏಕೆ ಬೇಕು?

ಶಟ್‌ಡೌನ್ ಮಾಡಿದರೆ ಕಂಪ್ಯೂಟರ್ ಪ್ರತಿದಿನ ಹೊಸದಾಗಿ ಆರಂಭವಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಇದು ಪೂರ್ತಿ ನಿಜವಾಗಿ ಉಳಿದಿಲ್ಲ. ಬೇಗ ಆರಂಭವಾಗಲೆಂದು ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಸೇರಿತು. ಶಟ್‌ಡೌನ್ ಒತ್ತಿದಾಗ ಬಳಕೆದಾರರ ತಂತ್ರಾಂಶಗಳು ಮುಚ್ಚುತ್ತವೆ. ಆದರೆ ವಿಂಡೋಸ್‌ನ ಒಡಲು ಹೈಬರ್ನೇಟ್ ಆಗಿ ಡಿಸ್ಕ್ ಸೇರುತ್ತದೆ. ಮರುದಿನ ಏಳುವುದು ಅದೇ ಹಳೆಯ ಒಡಲು. ವಿಂಡೋಸ್ 10 ಮತ್ತು 11ರಲ್ಲೂ ಈ ಏರ್ಪಾಡು ಮುಂದುವರಿದಿದೆ. ಎಲ್ಲವನ್ನೂ ಹೊಸದಾಗಿ ಆರಂಭಿಸುವುದು ರೀಸ್ಟಾರ್ಟ್ ಮಾತ್ರ. ಪ್ರಿಂಟರ್ ಮುನಿಸಿಕೊಂಡಾಗ, ಧ್ವನಿ ಬಾರದಾದಾಗ ಶಟ್‌ಡೌನ್‌ಗೆ ಬಗ್ಗದ ತೊಂದರೆ ರೀಸ್ಟಾರ್ಟ್‌ಗೆ ಸರಿಹೋಗುವ ಗುಟ್ಟು ಇದು.

ದೀರ್ಘಕಾಲ ರೀಸ್ಟಾರ್ಟ್ ಕಾಣದ ಯಂತ್ರದಲ್ಲಿ ದೋಷವುಳ್ಳ ತಂತ್ರಾಂಶಗಳು ಹಿಡಿದ ಸ್ಮೃತಿಯನ್ನು ಬಿಟ್ಟುಕೊಡದೆ ವೇಗ ಕುಂದಿಸುತ್ತವೆ. ವಿಂಡೋಸ್ 95 ಮತ್ತು 98ರಲ್ಲಿದ್ದ ಒಂದು ದೋಷ ಪ್ರಸಿದ್ಧ. ಮಿಲಿಸೆಕೆಂಡುಗಳನ್ನು ಎಣಿಸುವ ಅವುಗಳ ಗಣಕ 49.7 ದಿನಗಳಿಗೆ ತುಂಬಿ ಸೊನ್ನೆಗೆ ಮರಳುತ್ತಿದ್ದುದರಿಂದ ಅಷ್ಟು ದಿನ ನಿರಂತರ ಓಡಿದ ಯಂತ್ರ ಸ್ತಬ್ಧವಾಗುತ್ತಿತ್ತು.

ಇದಕ್ಕಿಂತ ಗಂಭೀರವಾದುದು ಸುರಕ್ಷತಾ ತೇಪೆಗಳ ವಿಚಾರ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಇವುಗಳನ್ನು ಬಿಡುಗಡೆ ಮಾಡುತ್ತದೆ. ಡೌನ್‌ಲೋಡ್ ಆದ ತೇಪೆಗಳಲ್ಲಿ ಹೆಚ್ಚಿನವು ರೀಸ್ಟಾರ್ಟ್ ಆಗುವವರೆಗೆ ಜಾರಿಗೆ ಬರುವುದಿಲ್ಲ. ತೇಪೆ ತಡವಾದರೆ ಏನಾಗಬಹುದು ಎಂಬುದಕ್ಕೆ 2017ರ ವನ್ನಾಕ್ರೈ ದಾಳಿ ಸಾಕ್ಷಿ. ಅದು ಬಳಸಿದ ದೋಷಕ್ಕೆ ಮಾರ್ಚ್ 14ರಂದೇ ತೇಪೆ ಬಂದಿತ್ತು. ದಾಳಿ ನಡೆದದ್ದು ಮೇ 12ರಂದು. ನಡುವಿನ ಎರಡು ತಿಂಗಳಲ್ಲಿ ತೇಪೆ ಹಾಕಿಕೊಳ್ಳದ ಯಂತ್ರಗಳು ಜಗತ್ತಿನಾದ್ಯಂತ ಬಲಿಯಾದವು. ಕಡತಗಳಿಗೆ ಬೀಗ ಜಡಿದು ಹಣ ಕೇಳಲಾಯಿತು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವ ಅಭ್ಯಾಸ ಇಂತಹ ಅಪಾಯವನ್ನು ತಗ್ಗಿಸುತ್ತದೆ.

ಲ್ಯಾಪ್‌ಟಾಪ್‌ನ ದಾರಿ ಬೇರೆ

ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಕರೆಂಟ್ ಹೋಗುವ ಭಯ ಕಡಿಮೆ. ಮುಚ್ಚಳ ಮುಚ್ಚಿ ನಿದ್ರೆಗೆ ಕಳುಹಿಸುವುದು ಮನೆಯೊಳಗೆ ತಕ್ಕ ಪದ್ಧತಿಯೇ. ಚೀಲಕ್ಕೆ ತುಂಬುವಾಗ ಮಾತ್ರ ಎಚ್ಚರ ಬೇಕು. ಈಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಲಘುನಿದ್ರೆ ಇರುತ್ತದೆ. ಮೊಬೈಲ್‌ನಂತೆ ಇದು ಆಗಾಗ ಎಚ್ಚೆತ್ತು ಇಂಟರ್‌ನೆಟ್ ಸಂಪರ್ಕ ಮುಂತಾದ ಕೆಲಸಗಳನ್ನು ಮಾಡಬಲ್ಲುದು. ಗಾಳಿಯಾಡದ ಚೀಲದೊಳಗೆ ಹೀಗೆ ಎಚ್ಚೆತ್ತರೆ ಯಂತ್ರ ಬಿಸಿಯೇರುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಪ್ರಯಾಣಕ್ಕೆ ಹೈಬರ್ನೇಟ್ ಅಥವಾ ಶಟ್‌ಡೌನ್ ಸೂಕ್ತ.

ವಿಮಾನ ಪ್ರಯಾಣದಲ್ಲಿ ಲ್ಯಾಪ್‌ಟಾಪನ್ನು ಕೈಚೀಲದಲ್ಲಿ ಒಯ್ಯುವುದೇ ಸರಿ. ಚೆಕ್-ಇನ್ ಲಗೇಜಿನಲ್ಲಿ ಇಡಲೇಬೇಕಾದರೆ ಅದು ಪೂರ್ತಿ ಆಫ್ ಆಗಿರಬೇಕು, ನಿದ್ರಾವಸ್ಥೆಯಲ್ಲಿ ಇರಬಾರದು ಎಂಬುದು ಅಂತರರಾಷ್ಟ್ರೀಯ ವಿಮಾನಯಾನ ನಿಯಮ. ಲಿಥಿಯಂ ಬ್ಯಾಟರಿಗಳ ಬೆಂಕಿಯ ಭಯ ಇದರ ಹಿಂದಿದೆ.

ಗೌಪ್ಯತೆಯ ದೃಷ್ಟಿಯಿಂದಲೂ ಹೊರಗೊಯ್ಯುವ ಯಂತ್ರಕ್ಕೆ ಶಟ್‌ಡೌನ್ ಮೇಲು. ಡಿಸ್ಕ್‌ಗೆ ಗೂಢಲಿಪಿಯ ರಕ್ಷಣೆ ಇದ್ದರೂ ನಿದ್ರೆಯಲ್ಲಿ ಅದರ ಕೀಲಿ ರ‍್ಯಾಮ್‌ನಲ್ಲೇ ಉಳಿದಿರುತ್ತದೆ. ವಿದ್ಯುತ್ ಕಡಿದ ಬಳಿಕವೂ ಅಲ್ಪಕಾಲ ಆ ಕೀಲಿಯನ್ನು ಹೊರತೆಗೆಯಲು ಸಾಧ್ಯವೆಂದು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ತೋರಿಸಿತ್ತು. ಮನೆಯ ಬಳಕೆಗೆ ಇಷ್ಟು ಆತಂಕ ಬೇಡ. ನಿದ್ರೆಯಿಂದ ಏಳುವಾಗ ಪಾಸ್‌ವರ್ಡ್ ಕೇಳುವ ವ್ಯವಸ್ಥೆ ಇದ್ದರೆ ಸಾಕು.

ತಾನಾಗಿ ನಿದ್ರಿಸಲಿ

ಮನುಷ್ಯರ ಮರೆವಿಗೆ ಮದ್ದು ಯಂತ್ರದಲ್ಲೇ ಇದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿಭಾಗದ ಪವರ್ ಪುಟಕ್ಕೆ ಹೋಗಿ, 10 ನಿಮಿಷ ಮುಟ್ಟದಿದ್ದರೆ ಪರದೆ ಆರುವಂತೆ, 30 ನಿಮಿಷಕ್ಕೆ ಯಂತ್ರ ನಿದ್ರೆಗೆ ಜಾರುವಂತೆ ಹೊಂದಿಸಬಹುದು. ಮೇಲಿನ ಲೆಕ್ಕದ 220 ರೂಪಾಯಿಯಲ್ಲಿ ಬಹುಪಾಲನ್ನು ಉಳಿಸಲು ಈ ಒಂದು ಹೊಂದಾಣಿಕೆ ಸಾಕು. ನಿದ್ರೆಯಲ್ಲಿ ಡೌನ್‌ಲೋಡ್‌ಗಳು ಸಾಮಾನ್ಯವಾಗಿ ನಿಲ್ಲುತ್ತವೆ ಎಂಬುದು ನೆನಪಿರಲಿ. ರಾತ್ರಿ ದೊಡ್ಡ ಕಡತ ಇಳಿಸಿಕೊಳ್ಳುವ ದಿನ ನಿದ್ರೆಯ ಅವಧಿಯನ್ನು ತಾತ್ಕಾಲಿಕವಾಗಿ ಬದಲಿಸಿ, ಪರದೆಯನ್ನಷ್ಟೇ ಆಫ್ ಮಾಡಬಹುದು.

ಮಲಗಿದ ಯಂತ್ರ ನಡುರಾತ್ರಿ ತಾನಾಗಿ ಏಳುತ್ತಿದ್ದರೆ ಮೌಸ್‌ನ ಅಲುಗಾಟ, ನೆಟ್‌ವರ್ಕ್ ಸಂದೇಶ ಅಥವಾ ನಿಗದಿತ ಅಪ್‌ಡೇಟ್ ಕಾರಣವಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಮತ್ತು ನೆಟ್‌ವರ್ಕ್ ಕಾರ್ಡ್‌ಗಳಿಗೆ ಇರುವ ಎಬ್ಬಿಸುವ ಅನುಮತಿಯನ್ನು ತೆಗೆದುಹಾಕಬಹುದು. ಶಟ್‌ಡೌನ್ ಆದ ಬಳಿಕವೂ ಸ್ಪೀಕರ್, ಪ್ರಿಂಟರ್, ಪರದೆ ತಲಾ ಒಂದೆರಡು ವಾಟ್ ಸೆಳೆಯುತ್ತಿರುತ್ತವೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಜೋಡಿಸಿದರೆ, ಶಟ್‌ಡೌನ್ ಮುಗಿದ ಮೇಲೆ ಒಂದೇ ಸ್ವಿಚ್‌ನಿಂದ ಎಲ್ಲಕ್ಕೂ ವಿರಾಮ ಕೊಡಬಹುದು.

ಯಾವಾಗ ಯಾವುದು?

* ಊಟ, ಕಾಫಿ, ಮಾರುಕಟ್ಟೆಯಂತಹ ಒಂದೆರಡು ಗಂಟೆಗಳ ಬಿಡುವಿಗೆ: ಕಡತ ಸೇವ್ ಮಾಡಿ ನಿದ್ರೆ.
* ರಾತ್ರಿಗೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್: ಶಟ್‌ಡೌನ್ ಅಥವಾ ಹೈಬರ್ನೇಟ್. ಬಳಿಕ ಗೋಡೆಯ ಸ್ವಿಚ್ ಆಫ್.
* ರಾತ್ರಿಗೆ, ಮೇಜಿನ ಮೇಲಿರುವ ಲ್ಯಾಪ್‌ಟಾಪ್: ನಿದ್ರೆಯಾದರೂ ಸರಿ.
* ಚೀಲದಲ್ಲಿ ಒಯ್ಯುವ ಲ್ಯಾಪ್‌ಟಾಪ್: ಹೈಬರ್ನೇಟ್ ಅಥವಾ ಶಟ್‌ಡೌನ್. ವಿಮಾನದ ಲಗೇಜಿಗೆ ಶಟ್‌ಡೌನ್ ಮಾತ್ರ.
* ಗುಡುಗು ಸಿಡಿಲಿನ ಮುನ್ಸೂಚನೆ ಇದ್ದಾಗ, ಊರಿಗೆ ಹೋಗುವಾಗ: ಶಟ್‌ಡೌನ್ ಮಾಡಿ ಪ್ಲಗ್ ಮತ್ತು ಲ್ಯಾನ್ ತಂತಿ ಎರಡನ್ನೂ ಕೀಳುವುದು.
* ವಾರಕ್ಕೊಮ್ಮೆ, ಹಾಗೂ ಅಪ್‌ಡೇಟ್ ಸೂಚನೆ ಬಂದಾಗಲೆಲ್ಲ: ರೀಸ್ಟಾರ್ಟ್.

ನಿದ್ರೆ ಮತ್ತು ಶಟ್‌ಡೌನ್‌ಗಳಲ್ಲಿ ಯಾವುದನ್ನು ಆಯ್ದುಕೊಂಡರೂ ಬಿಲ್ಲಿನಲ್ಲಿ ದೊಡ್ಡ ಬದಲಾವಣೆ ಕಾಣದು. ಎದ್ದು ಹೋಗುವ ಮುನ್ನ ಕಡತ ಸೇವ್ ಮಾಡುವುದನ್ನು ಮಾತ್ರ ಎರಡೂ ಸಂದರ್ಭಗಳಲ್ಲಿ ಮರೆಯುವಂತಿಲ್ಲ.